ಉಬ್ಬುವ ನೆಲಕ್ಕೆ ಉಪಗ್ರಹದ ಅಳತೆಗೋಲು

ಇಟಲಿಯ ನೇಪಲ್ಸ್ ನಗರದ ಪಶ್ಚಿಮಕ್ಕೆ, ಸಮುದ್ರದಂಡೆಯಲ್ಲಿ ಪೊಟ್ಸುವೋಲಿ ಎಂಬ ಬಂದರು ಪಟ್ಟಣವಿದೆ. ಅಲ್ಲಿ ರೋಮನ್ನರ ಕಾಲದ ಮಾರುಕಟ್ಟೆಯೊಂದರ ಅವಶೇಷಗಳ ನಡುವೆ ಅಮೃತಶಿಲೆಯ ಮೂರು ಕಂಬಗಳು ನಿಂತಿವೆ. ಬುಡದಿಂದ ಸುಮಾರು ಮೂರೂವರೆ ಮೀಟರ್ ಮೇಲೆ ಶುರುವಾಗಿ ಆರು ಮೀಟರ್ ದಾಟುವವರೆಗೂ ಅವುಗಳ ಮೈತುಂಬ ಸಣ್ಣ ಸಣ್ಣ ತೂತುಗಳು. ಅವನ್ನು ಕೊರೆದದ್ದು ಕಲ್ಲಿನೊಳಗೆ ಮನೆ ಮಾಡಿಕೊಳ್ಳುವ ಒಂದು ಜಾತಿಯ ಸಮುದ್ರದ ಚಿಪ್ಪುಜೀವಿ. ಎಂದರೆ, ಈ ಕಂಬಗಳು ನಿಂತ ನಿಲುವಿನಲ್ಲೇ ಕಡಲಿನಲ್ಲಿ ಮುಳುಗಿ, ಮತ್ತೆ ಮೇಲೆದ್ದಿವೆ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ 1830ರಲ್ಲಿ ಪ್ರಕಟಿಸಿದ ತನ್ನ ಪ್ರಸಿದ್ಧ ಗ್ರಂಥದ ಮುಖಚಿತ್ರವಾಗಿ ಬಳಸಿದ್ದು ಇದೇ ಕಂಬಗಳನ್ನು.

ಏರಿಳಿದದ್ದು ಸಮುದ್ರವಲ್ಲ, ನೆಲ. ಪೊಟ್ಸುವೋಲಿ ಇರುವುದೇ 'ಕಾಂಪಿ ಫ್ಲೆಗ್ರೇ' ಎಂಬ ವಿಶಾಲ ಜ್ವಾಲಾಮುಖಿಯ ನಡುವೆ. ಇದು ವೆಸೂವಿಯಸ್‌ನಂತೆ ಶಿಖರವಿರುವ ಬೆಟ್ಟವಲ್ಲ. ಸುಮಾರು 12ರಿಂದ 15 ಕಿಲೋಮೀಟರ್ ಅಗಲದ ತಗ್ಗು. ಅದರ ಒಂದು ಭಾಗ ಸಮುದ್ರದಡಿಯಲ್ಲಿದೆ. ಇದು ಕೊನೆಯ ಬಾರಿ ಸ್ಫೋಟಿಸಿದ್ದು 1538ರಲ್ಲಿ. ಅದಕ್ಕೆ ಮೊದಲು ನೆಲ ಮೇಲೆದ್ದು ಕಡಲು ಹಿಂದೆ ಸರಿದಿತ್ತು. ಬಳಿಕ ಒಂದೇ ವಾರದಲ್ಲಿ ಬೆಟ್ಟವೊಂದು ತಲೆಯೆತ್ತಿತು. 'ಹೊಸ ಬೆಟ್ಟ' ಎಂಬ ಅರ್ಥದ 'ಮಾಂಟೆ ನುವೋವೊ' ಎಂದೇ ಅದಕ್ಕೆ ಇಂದಿಗೂ ಹೆಸರು.

ಇಂಥ ಕಡೆ ನೆಲ ಎಷ್ಟು ಏರಿತು ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಹಿಂದೆ ಇದನ್ನು ಮಟ್ಟ ಅಳೆಯುವ ದುರ್ಬೀನು, ಅಳತೆ ಪಟ್ಟಿ ಹಿಡಿದು ಬೀದಿಬೀದಿ ಸುತ್ತಿಯೇ ಕಂಡುಹಿಡಿಯಬೇಕಿತ್ತು. ಒಂದು ಸುತ್ತು ಮುಗಿಯುವ ಹೊತ್ತಿಗೆ ನೆಲ ಇನ್ನಷ್ಟು ಏರಿರುತ್ತಿತ್ತು. ಈಗ ಆ ಕೆಲಸದ ಬಹುಪಾಲನ್ನು ಜಿಪಿಎಸ್ ಉಪಗ್ರಹಗಳು ಎಡೆಬಿಡದೆ ಮಾಡುತ್ತವೆ.

ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಈ ಉಪಗ್ರಹಗಳಲ್ಲಿ ಪರಮಾಣು ಗಡಿಯಾರಗಳಿವೆ. ಅವು ಕಳಿಸುವ ರೇಡಿಯೊ ಸಂಕೇತ ನೆಲಕ್ಕೆ ತಲುಪಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ತಾನಿರುವ ಜಾಗ ಯಾವುದೆಂದು ಗ್ರಾಹಕಕ್ಕೆ ಗೊತ್ತಾಗುತ್ತದೆ. ಕೈಯಲ್ಲಿರುವ ಫೋನು ಇದೇ ವಿಧಾನದಲ್ಲಿ ಕೆಲವು ಮೀಟರ್ ಹೆಚ್ಚುಕಡಿಮೆಯಾಗಿ ಜಾಗ ತೋರಿಸುತ್ತದೆ. ಜ್ವಾಲಾಮುಖಿಗೆ ಅಷ್ಟು ಸಾಲದು. ಆದ್ದರಿಂದ ಗಟ್ಟಿ ಕಂಬಕ್ಕೋ ಕಟ್ಟಡಕ್ಕೋ ಬಿಗಿದ ಗ್ರಾಹಕವು ಸಂಕೇತದ ಅಲೆಗಳನ್ನೇ ಅಳೆಯುತ್ತದೆ. ಆ ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ವಾತಾವರಣದ ತೇವಾಂಶ ಮತ್ತು ಅಯಾನುಗೋಲದಿಂದ ಆಗುವ ವಿಳಂಬವನ್ನು ಲೆಕ್ಕದಲ್ಲಿ ಸರಿಪಡಿಸಿ, ಇಡೀ ದಿನದ ಮಾಪನಗಳನ್ನು ಒಟ್ಟುಗೂಡಿಸಿದರೆ ಕೆಲವೇ ಮಿಲಿಮೀಟರ್‌ಗಳ ಚಲನೆಯೂ ಸಿಕ್ಕಿಬೀಳುತ್ತದೆ.

ಒಂದೇ ಕೇಂದ್ರವಿದ್ದರೆ ಏರಿಕೆ ಮಾತ್ರ ತಿಳಿಯುತ್ತದೆ. ಹಲವು ಕೇಂದ್ರಗಳಿದ್ದರೆ ಉಬ್ಬಿನ ಆಕಾರವೂ ತಿಳಿಯುತ್ತದೆ. ಎಣ್ಣೆಯಲ್ಲಿ ಪೂರಿ ಉಬ್ಬುವಾಗ ನಡುಭಾಗ ಹೆಚ್ಚು ಏರುವಂತೆ, ಇಲ್ಲಿಯೂ ನಡುವಿನ ಕೇಂದ್ರ ಮೇಲೇಳುತ್ತದೆ. ಸುತ್ತಲಿನವು ಹೊರಕ್ಕೆ ಸರಿಯುತ್ತವೆ. ಈ ಎರಡರ ಪ್ರಮಾಣವನ್ನು ಹೋಲಿಸಿ, ಒತ್ತಡ ಎಷ್ಟು ಆಳದಿಂದ ಬರುತ್ತಿದೆ ಎಂದು ಅಂದಾಜಿಸುವ ಗಣಿತ ಸೂತ್ರವನ್ನು ಜಪಾನಿನ ವಿಜ್ಞಾನಿ ಕಿಯೂ ಮೋಗಿ 1958ರಲ್ಲಿ ಜ್ವಾಲಾಮುಖಿಗಳಿಗೆ ಅನ್ವಯಿಸಿ ತೋರಿಸಿದರು.

ಆದರೆ ಒತ್ತುತ್ತಿರುವುದು ಏನು? ಮೇಲೇರುವ ಶಿಲಾರಸವೋ, ಅದರ ಕಾವಿಗೆ ಹಿಗ್ಗಿದ ಅನಿಲ ಮತ್ತು ಬಿಸಿನೀರೋ? ಉಪಗ್ರಹದ ಲೆಕ್ಕವೊಂದರಿಂದಲೇ ಇದು ತೀರ್ಮಾನವಾಗದು. ಭೂಕಂಪಗಳ ದಾಖಲೆ, ನೆಲದಿಂದ ಹೊರಬರುವ ಅನಿಲಗಳ ಪರೀಕ್ಷೆ ಎಲ್ಲವನ್ನೂ ಜೊತೆಗಿಟ್ಟು ನೋಡಬೇಕು. 1982ರಿಂದ 1984ರವರೆಗೆ ಪೊಟ್ಸುವೋಲಿಯ ನೆಲ ಸುಮಾರು 1.8 ಮೀಟರ್ ಏರಿತು. ಕಂಪನಗಳಿಂದ ಮನೆಗಳು ಬಿರುಕುಬಿಟ್ಟವು. ಸುಮಾರು 40,000 ಜನರನ್ನು ಬೇರೆಡೆಗೆ ಸಾಗಿಸಲಾಯಿತು. ಸ್ಫೋಟ ಆಗಲಿಲ್ಲ. ನೆಲ ನಿಧಾನವಾಗಿ ಇಳಿಯಿತು.

2005ರಿಂದ ನೆಲ ಮತ್ತೆ ಏರತೊಡಗಿದೆ. ಈವರೆಗಿನ ಏರಿಕೆ ಒಂದೂಕಾಲು ಮೀಟರ್‌ಗೂ ಹೆಚ್ಚು. ಈ ಜ್ವಾಲಾಮುಖಿಯ ಮೇಲೆ ನಿಗಾ ಇಡುವ ಹೊಣೆ 1841ರಲ್ಲಿ ಸ್ಥಾಪನೆಯಾದ ವೆಸೂವಿಯಸ್ ವೀಕ್ಷಣಾಲಯದ್ದು. 2012ರಲ್ಲಿ ಎಚ್ಚರಿಕೆಯ ಮಟ್ಟವನ್ನು ಹಸಿರಿನಿಂದ ಹಳದಿಗೆ ಏರಿಸಲಾಯಿತು. 2024ರ ಮೇ 20ರಂದು 4.4 ತೀವ್ರತೆಯ ಭೂಕಂಪ ಸಂಭವಿಸಿ ನೂರಾರು ಕುಟುಂಬಗಳು ಮನೆ ಬಿಡಬೇಕಾಯಿತು. ಅಪಾಯದ 'ಕೆಂಪು ವಲಯ'ದಲ್ಲಿ ವಾಸಿಸುವವರು ಸುಮಾರು ಐದು ಲಕ್ಷ. ಸರ್ಕಾರದ ಯೋಜನೆಯಂತೆ ಅವರೆಲ್ಲರನ್ನೂ 72 ಗಂಟೆಗಳಲ್ಲಿ ತೆರವುಗೊಳಿಸಬೇಕು. ಬೇಗ ಆದೇಶಿಸಿ ಏನೂ ಆಗದಿದ್ದರೆ ಮುಂದಿನ ಎಚ್ಚರಿಕೆಯನ್ನು ಜನ ನಂಬಲಾರರು. ತಡ ಮಾಡಿದರೆ ಹೊರಡಲು ಸಮಯವೇ ಉಳಿಯದು.

ಈ ಸಂದಿಗ್ಧ ಪೊಟ್ಸುವೋಲಿಗೆ ಹೊಸತಲ್ಲ. 1970ರ ಮಾರ್ಚ್‌ನಲ್ಲಿ, ಇಂಥದೇ ಇನ್ನೊಂದು ಏರಿಕೆಯ ನಡುವೆ, ಪಟ್ಟಣದ ಅತ್ಯಂತ ಹಳೆಯ ಕೇರಿಯಾದ ರಿಯೋನೆ ತೆರ್ರಾದಿಂದ ಸಾವಿರಾರು ಜನರನ್ನು ಏಕಾಏಕಿ ಹೊರಕಳಿಸಲಾಯಿತು. ಆಗಲೂ ಸ್ಫೋಟ ಆಗಲಿಲ್ಲ. ಆದರೂ ಆ ಕುಟುಂಬಗಳು ಅಲ್ಲಿ ಮತ್ತೆ ಒಲೆ ಹಚ್ಚಲಿಲ್ಲ. ಈಗ ನೆಲದ ಏರಿಕೆಯನ್ನು ದಿನದಿನವೂ ದಾಖಲಿಸುವ ಮುಖ್ಯ ಜಿಪಿಎಸ್ ಕೇಂದ್ರ ಇರುವುದು ಅದೇ ಕೇರಿಯಲ್ಲಿ.