ಎಂಟು ನಿಮಿಷ ತುಂಬದೆ ಬಾರದ ದೆವ್ವ!

ಪೊನ್ನಂಪೇಟೆ: ಹಿಂದಿನ ಕಾಲದ ದೆವ್ವಕ್ಕೆ ಹೊತ್ತುಗೊತ್ತು ಎಂಬುದಿತ್ತು. ಅಮಾವಾಸ್ಯೆ ಆಗಬೇಕು, ನಡುರಾತ್ರಿ ದಾಟಬೇಕು, ದಾರೀಲಿ ಒಂದು ಒಂಟಿ ಮರ ಇರಬೇಕು. ಈಗಿನ ದೆವ್ವ ಹಾಗಲ್ಲ. ಸಂಜೆ ಗೋಣಿಕೊಪ್ಪದಿಂದ ಪೊನ್ನಂಪೇಟೆ, ಹುದಿಕೇರಿ ಕಡೆ ಹೊರಟ ಬಸ್ಸಿನಲ್ಲಿ ಒಂದು ಕೈಲಿ ಕಂಬಿ ಹಿಡಿದು ನಿಂತವನ ಇನ್ನೊಂದು ಕೈಯಲ್ಲೇ ಇರುತ್ತದೆ. ಗಿರಾಕಿ ಇಲ್ಲದ ಹೊತ್ತಲ್ಲಿ ಗಲ್ಲಾಪೆಟ್ಟಿಗೆ ಹಿಂದೆ ಕೂತ ಮಾಲೀಕರೂ ಇದನ್ನೇ ನೋಡ್ತಾರೆ, ಸುಳ್ಳು ಯಾಕೆ!

ಫೋನಿನ ಈ ದೆವ್ವದ ಸರಣಿಗಳನ್ನು ನಾಲ್ಕಾರು ನೋಡಿದವರಿಗೆ ಒಂದು ಗುಟ್ಟು ತಿಳಿಯದೆ ಇರದು. ಮಾಡೋರು ಬೇರೆ ಬೇರೆ, ಅಚ್ಚು ಮಾತ್ರ ಒಂದೇ. ಮೊದಲಿಗೆ 'ಇದು ನಿಜವಾಗಿ ನಡೆದದ್ದು' ಎಂಬ ಪ್ರಮಾಣ. ನಡೆದದ್ದು ಯಾರಿಗೆ? ಹೇಳುವವನಿಗಲ್ಲ, ಅವನ ಸ್ನೇಹಿತನ ಮಾವನಿಗೆ! ಎಲ್ಲಿ? 'ಕೊಡಗಿನ ಒಂದು ಎಸ್ಟೇಟಿನಲ್ಲಿ'. ಯಾವ ಊರು, ಯಾವ ನಾಡು, ಯಾರ ತೋಟ, ಆ ಸುದ್ದಿಯೇ ಇಲ್ಲ. ಮಂಜು, ದೊರೆಗಳ ಕಾಲದ ಬಂಗಲೆ, ಬಿಳಿ ಸೀರೆ, ನಡುಗುವ ಟಾರ್ಚು. ಬಾಗಿಲು ಕಿರ್ ಅಂದಿತೋ ಇಲ್ಲವೋ, 'ಉಳಿದದ್ದು ಮುಂದಿನ ಕಂತಿನಲ್ಲಿ'. ಒಬ್ಬನ ಬಂಗಲೆ ಮುಂದಿನ ವಾರ ಇನ್ನೊಬ್ಬನ ಸರಣಿಯಲ್ಲಿ ಹಾಸ್ಟೆಲ್ ಆಗಿರುತ್ತೆ. ಸೀರೆ ಮಾತ್ರ ಅದೇ.

ಇದರ ಹಿಂದೆ ಇರೋದು ಮಂತ್ರವಲ್ಲ, ಲೆಕ್ಕ. ವ್ಯಾಪಾರಸ್ಥರಿಗೆ ಬೇಗ ತಿಳಿಯುವ ಲೆಕ್ಕ. 2018ರಲ್ಲಿ ಯೂಟ್ಯೂಬ್ ತಂದ ನಿಯಮದ ಪ್ರಕಾರ, ಉದ್ದದ ವಿಡಿಯೋ ಮಾಡೋರಿಗೆ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು ಬೇಕು, ಒಂದು ವರ್ಷದೊಳಗೆ ಜನ 4,000 ಗಂಟೆ ನೋಡಿರಬೇಕು. ನಡುವೆ ಜಾಹೀರಾತು ತೂರಿಸಲು ಮೊದಲು ವಿಡಿಯೋ ಹತ್ತು ನಿಮಿಷ ದಾಟಬೇಕಿತ್ತು. 2020ರ ಜುಲೈಯಿಂದ ಎಂಟು ನಿಮಿಷ ಸಾಕೆಂದಾಯಿತು. ಹಾಗಾಗಿ ಬಾಗಿಲ ಹಿಂದೆ ಏನೇ ಇರಲಿ, ಎಂಟು ನಿಮಿಷ ತುಂಬೋವರೆಗೆ ಅದು ಹೊರಗೆ ಕಾಲಿಡೋ ಹಾಗಿಲ್ಲ!

ಈ ದಂಧೆಯ ಹಿರಿಯಣ್ಣ ಅಮೆರಿಕದಲ್ಲಿದ್ದಾನೆ. 2009ರ ಜೂನ್‌ನಲ್ಲಿ ಎರಿಕ್ ನುಡ್ಸನ್ ಎಂಬಾತ ಮಕ್ಕಳ ಫೋಟೋ ತಿದ್ದಿ, ಹಿನ್ನೆಲೆಯಲ್ಲಿ ಮುಖವಿಲ್ಲದ ಉದ್ದನೆಯ ಮನುಷ್ಯನೊಬ್ಬನನ್ನು ನಿಲ್ಲಿಸಿದ. ಹೆಸರು ಸ್ಲೆಂಡರ್ ಮ್ಯಾನ್. ಅದೇ ತಿಂಗಳು ಬೇರೆಯವರು 'ಮಾರ್ಬಲ್ ಹಾರ್ನೆಟ್ಸ್' ಎಂಬ ವಿಡಿಯೋ ಸರಣಿ ಶುರು ಮಾಡಿ ಅಂಥದ್ದೇ ಒಂದು ಆಕೃತಿಗೆ ಕಾಲು ಬರಿಸಿದರು. ಹುಟ್ಟಿಸಿದವನಾರು, ಹುಟ್ಟಿದ್ದು ಯಾವಾಗ, ಎಲ್ಲಾ ಬಯಲಾಗೇ ಇತ್ತು. ಆದರೂ ನಂಬಿದವರು ನಂಬಿದರು. 2014ರ ಮೇ 31ರಂದು ವಿಸ್ಕಾನ್ಸಿನ್ ರಾಜ್ಯದ ವಾಕೆಶಾದಲ್ಲಿ 12 ವರ್ಷದ ಇಬ್ಬರು ಹುಡುಗಿಯರು, ಆ ಮುಖವಿಲ್ಲದವನನ್ನು ಮೆಚ್ಚಿಸಬೇಕೆಂದು ತಮ್ಮ ಸಹಪಾಠಿಗೆ 19 ಬಾರಿ ಚೂರಿ ಹಾಕಿದರು. ಆಕೆ ಉಳಿದುಕೊಂಡದ್ದು ಪುಣ್ಯ.

ನಮ್ಮ 'ನಾಳೆ ಬಾ' ಅದಕ್ಕಿಂತ ಹಳೆಯದು. 1990ರ ದಶಕದಲ್ಲಿ ಬೆಂಗಳೂರಿನ ಮನೆಬಾಗಿಲುಗಳ ಮೇಲೆ ಜನ ಈ ಎರಡು ಪದ ಬರೆದುಕೊಂಡರು. ರಾತ್ರಿ ಬಾಗಿಲು ತಟ್ಟುವ ದೆವ್ವ ಮನೆಯವರದೇ ದನಿಯಲ್ಲಿ ಕರೆಯುತ್ತೆ, ಬರಹ ಓದಿ ಸುಮ್ಮನೆ ವಾಪಸು ಹೋಗುತ್ತೆ ಅಂತ ಗುಲ್ಲು. ಅಂಗಡಿಯ 'ಇಂದು ನಗದು, ನಾಳೆ ಸಾಲ' ಬೋರ್ಡಿನ ತಮ್ಮನೇ ಸರಿ! ಆಗ ಅದರಿಂದ ಲಾಭ ಆದದ್ದು ಸೀಮೆಸುಣ್ಣ ಮಾರಿದವನಿಗೆ ಇದ್ದರೂ ಇರಬಹುದು. 2018ರಲ್ಲಿ ಅದೇ ಗುಲ್ಲಿನ ಎಳೆ ಹಿಡಿದ 'ಸ್ತ್ರೀ' ಹಿಂದಿ ಸಿನಿಮಾ ಕತೆಯನ್ನು ಮಧ್ಯಪ್ರದೇಶದ ಚಂದೇರಿಗೆ ಸಾಗಿಸಿ ಚೆನ್ನಾಗಿ ದುಡಿಯಿತು.

ಕೊಡಗಿನ ಮಾತೇ ಬೇರೆ. ತಕರಾರು ಇರುವುದೂ ಇಲ್ಲೇ. ಇಲ್ಲಿ ತೀರಿಹೋದ ಹಿರಿಯ 'ಕಾರಣ'ನಾಗುತ್ತಾನೆ, ದೆವ್ವವಾಗುವುದಿಲ್ಲ. ಐನ್‌ಮನೆಯ ಹತ್ತಿರ ಅವನಿಗೊಂದು ಕೈಮಡ. ಕಾರಣಂಗ್ ಕೊಡ್‌ಪ ದಿನ ಒಕ್ಕದವರೆಲ್ಲ ಸೇರಿ ಅಡಿಗೆ ಮಾಡಿ, ಮಾಂಸ ಮದ್ಯ ಸಮೇತ ಮೀದಿ ಇಡುತ್ತಾರೆ. ತೆರೆ ಕಟ್ಟಿದಲ್ಲಿ ಅವನು ಮೈಮೇಲೆ ಬಂದು ಮಾತಾಡುವುದೂ ಉಂಟು, ಬೈಯುವುದೂ ಉಂಟು. ಕುಟ್ಟಿಚಾತನಂಥ ತಂಟೆಕೋರನಿಗೂ ಹೆಸರಿದೆ, ನೆಲೆಯಿದೆ, ಸಲ್ಲಬೇಕಾದ್ದು ಇದೆ. ಹೆದರಿಕೆ ಇಲ್ಲವೆಂದಲ್ಲ. ಆದರೆ ಯಾರಿಗೆ, ಎಲ್ಲಿ, ಯಾವ ದಿನ ಏನು ಕೊಟ್ಟರೆ ಸಮಾಧಾನ ಅನ್ನೋದು ಮನೆಯವರಿಗೆ ಗೊತ್ತಿತ್ತು.

ವಿಡಿಯೋ ಮಾಡೋರು ಕತ್ತರಿ ಹಾಕುವುದು ಸರಿಯಾಗಿ ಅಲ್ಲಿಗೇ. ಮನೆತನದ ಹೆಸರು ಹೋಯಿತು, ಊರು ಹೋಯಿತು, ಮೀದಿ ಹೋಯಿತು. ಉಳಿದದ್ದು ಕತ್ತಲಲ್ಲಿ ಒಂದು ಕೈಮಡ ಮತ್ತು ಢಂ ಎಂಬ ಸದ್ದು. ಯಾಕೆ ಅಂದರೆ ಲೆಕ್ಕ ಚುಕ್ತಾ ಆದ ದೆವ್ವಕ್ಕೆ ಎರಡನೇ ಕಂತು ಎಲ್ಲಿಂದ ಬರಬೇಕು? ಆದರೆ ಅದು ಯಾರದೋ ಅಜ್ಜನ ಗುಡಿ, ಸ್ವಾಮಿ. ನಿಮ್ಮ ತಾತನ ಸಮಾಧಿಯನ್ನು ಯಾರಾದರೂ 'ಭೂತದ ಗೂಡು' ಅಂತ ಊರಿಗೆಲ್ಲ ತೋರಿಸಿದರೆ ಹೇಗಿರುತ್ತೆ?

ಕತೆ ಕೂಡಿಸೋದೇ ತಪ್ಪು ಅಂತ ಯಾರೂ ಹೇಳೋದಿಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಹಿರಿಯರ ಬಾಯಿಂದ ಹಾಡು, ಗಾದೆ, ಪದ್ಧತಿ ಕೇಳಿ ಬರೆದುಕೊಂಡು 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. 2003ರಲ್ಲಿ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ಅದನ್ನು ಇಂಗ್ಲಿಷಿಗೆ ತಂದರು. ಅದೂ ಬೇರೆಯವರ ಬಾಯಿಯ ಕತೆಯೇ, ಆದರೆ ಮನೆಯೊಳಕ್ಕೆ ಕೂತು ಕೇಳಿದ್ದು.

ತುಳುನಾಡಿನವರಿಗೂ ಇದೇ ತಲೆನೋವು. 2022ರ 'ಕಾಂತಾರ' ಓಡಿದ್ದೇ ತಡ, ದೈವದ ಆರ್ಭಟ ಎಲ್ಲರ ರೀಲಿಗೂ ಸರಕಾಯಿತು. 2025ರ ಅಕ್ಟೋಬರ್‌ನಲ್ಲಿ ಎರಡನೇ ಸಿನಿಮಾ ಬಂದಾಗ, ಸಾರ್ವಜನಿಕವಾಗಿ ದೈವದ ಅನುಕರಣೆ ಮಾಡಬೇಡಿ ಎಂದು ಹೊಂಬಾಳೆ ಸಂಸ್ಥೆಯೇ ಕೇಳಿಕೊಳ್ಳಬೇಕಾಯಿತು.

ಕೊಡಗಿನಲ್ಲಿ ದಾಖಲೆ ಪ್ರಕಾರ 1,214 ದೇವರಕಾಡುಗಳಿವೆ. ಒಂದೊಂದಕ್ಕೂ ಊರಿದೆ, ತಕ್ಕರಿದ್ದಾರೆ. ಕ್ಯಾಮೆರಾ ಸ್ಟ್ಯಾಂಡು ಹೊತ್ತು ನುಗ್ಗುವ ಮುಂಚೆ ತಕ್ಕರನ್ನೋ, ಐನ್‌ಮನೆಯಾದರೆ ಪಟ್ಟೆದಾರರನ್ನೋ ಒಂದು ಮಾತು ಕೇಳಿದರೆ ಗಂಟೇನು ಹೋಗುತ್ತೆ? ಕೂತರೆ ಕಾಫಿಯೂ ಸಿಗುತ್ತೆ, ಕತೆಯೂ ಸಿಗುತ್ತೆ.

ಇನ್ನು ರಾತ್ರಿ ತೋಟಕ್ಕೆ ಟಾರ್ಚು ಹಿಡಿದು ಹೊರಡುವ ಸಾಹಸಿಗಳಿಗೆ ಒಂದು ಮಾತು. ಇಲ್ಲಿ ಕತ್ತಲಲ್ಲಿ ಕೊಂಬೆ ಲಟಕ್ ಅಂದರೆ ಜನ ಮೊದಲು ನೆನೆಯೋದು ಆನೆಯನ್ನು. 2021ರ ಫೆಬ್ರವರಿ, ಮಾರ್ಚ್‌ನಲ್ಲಿ ಇದೇ ಪೊನ್ನಂಪೇಟೆ ತಾಲೂಕಿನಲ್ಲಿ ಹುಲಿ ಬಾಯಿಗೆ ಜನ ಬಲಿಯಾದರು, ಅರಣ್ಯ ಇಲಾಖೆಯವರು ಸಾಕಾನೆ ತಂದು ತೋಟ ತೋಟ ಹುಡುಕಿದರು. ಆಗ ಕೂಲಿಯವರು ಹಗಲಲ್ಲೇ ತೋಟಕ್ಕೆ ಇಳಿಯಲು ಹೆದರಿದ್ದು ಬಿಳಿ ಸೀರೆಗಲ್ಲ.