ಮನೆಯಲ್ಲೇ ರಚಿಸಬಹುದಾದ ಸೌರ ವಿದ್ಯುದಾವೇಶ ನಿಯಂತ್ರಕ: ತತ್ತ್ವ, ರಚನೆ ಮತ್ತು ಬೋಧನೆ

ಪ್ರಸ್ತಾವನೆ

ಅನಂತಪುರ ಸೀಮೆ ಮಳೆನೆರಳಿನ ಪ್ರದೇಶ. ಇಲ್ಲಿನ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್ ಮಾತ್ರ. ಆದರೆ ಬಿಸಿಲಿಗೆ ಇಲ್ಲಿ ಕೊರತೆಯಿಲ್ಲ. ಈ ಕಾರಣದಿಂದಲೇ ಮಡಕಶಿರದ ನೆರೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಮುತ್ತ, ಸುಮಾರು 13,000 ಎಕರೆ ಭೂಮಿಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವು ತಲೆಯೆತ್ತಿತು. ಕದಿರಿ ಭಾಗದ ಎನ್.ಪಿ. ಕುಂಟದಲ್ಲಿಯೂ ಇಂತಹುದೇ ಬೃಹತ್ ಉದ್ಯಾನವಿದೆ. ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ತು ನೇರವಾಗಿ ಅಧಿಕ ವಿಭವದ ತಂತಿಗಳನ್ನು ಸೇರುತ್ತದೆ. ಅದನ್ನು ಸಂಗ್ರಹಿಸಿಡುವ ಪ್ರಶ್ನೆ ಅಲ್ಲಿ ಏಳುವುದಿಲ್ಲ.

ತಂತಿ ತಲುಪದ ಹೊಲದ ಗುಡಿಸಲು, ಕುರಿಹಟ್ಟಿ, ಊರಾಚೆಯ ರೇಷ್ಮೆಹುಳು ಸಾಕಣೆಯ ಮನೆ ಇವುಗಳ ಸ್ಥಿತಿ ಬೇರೆ. ಅಲ್ಲಿ ಹಗಲಿನ ಬೆಳಕನ್ನು ರಾತ್ರಿಗಾಗಿ ಕೂಡಿಡಬೇಕು. ಒಂದು ಸೌರ ಫಲಕ, ಒಂದು ಬ್ಯಾಟರಿ, ನಾಲ್ಕು ದೀಪಗಳು ಇದ್ದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಫಲಕವು ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆ. ಆದರೆ ಕಾವಲಿಲ್ಲದ ಬ್ಯಾಟರಿ ಬಹುಬೇಗ ಕೆಡುತ್ತದೆ. ಬಡ ಕುಟುಂಬವೊಂದಕ್ಕೆ ಹೊಸ ಬ್ಯಾಟರಿಯ ಬೆಲೆ ಸಣ್ಣ ಮೊತ್ತವಲ್ಲ. ಬ್ಯಾಟರಿಯನ್ನು ಕಾಯುವ ಚಿಕ್ಕ ಪೆಟ್ಟಿಗೆಯೇ ವಿದ್ಯುದಾವೇಶ ನಿಯಂತ್ರಕ. 1995ರಲ್ಲಿ ಬೆಂಗಳೂರಿನಲ್ಲಿ ಹರೀಶ್ ಹಂದೆ ಅವರು ಸಹಸ್ಥಾಪಕರಾಗಿ ಆರಂಭಿಸಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಗಳಿಗೆ ಒಯ್ದ ಮನೆದೀಪಗಳ ವ್ಯವಸ್ಥೆಯಲ್ಲಿಯೂ ಈ ಪೆಟ್ಟಿಗೆಗೆ ಮುಖ್ಯ ಸ್ಥಾನವಿದೆ. ಓಮ್‌ನ ನಿಯಮವನ್ನು ಬಲ್ಲ ಹತ್ತನೆಯ ತರಗತಿಯ ವಿದ್ಯಾರ್ಥಿಯು ಶಿಕ್ಷಕರ ಮಾರ್ಗದರ್ಶನದಲ್ಲಿ ಇದನ್ನು ತಾನೇ ರಚಿಸಬಲ್ಲನು ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಬ್ಯಾಟರಿಗೆ ಕಾವಲು ಏಕೆ ಬೇಕು?

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯೇ ಇಂದಿಗೂ ಹಳ್ಳಿಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಒಂದು ಫಲಕ ಸೀಸದ್ದು, ಇನ್ನೊಂದು ಸೀಸದ ಡೈಆಕ್ಸೈಡ್‌ನದು. ನಡುವೆ ದುರ್ಬಲ ಸಲ್ಫ್ಯೂರಿಕ್ ಆಮ್ಲ. ವಿದ್ಯುತ್ತು ಹೊರಗೆ ಹರಿದಂತೆ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಉಂಟಾಗುತ್ತದೆ. ಮರಳಿ ವಿದ್ಯುತ್ತು ಹರಿಸಿದಾಗ ಅದು ಮೂಲರೂಪಕ್ಕೆ ಹಿಂದಿರುಗುತ್ತದೆ.

ಈ ಕ್ರಿಯೆಗೆ ಎರಡು ಕಡೆಗಳಿಂದ ಅಪಾಯವಿದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸಲ್ಫೇಟಿನ ಹರಳುಗಳು ದೊಡ್ಡದಾಗಿ ಗಟ್ಟಿಯಾಗುತ್ತವೆ. ಅವು ಮತ್ತೆ ಪೂರ್ಣವಾಗಿ ಕರಗುವುದಿಲ್ಲ. ತುಂಬಿದ ಬ್ಯಾಟರಿಗೆ ಮತ್ತೂ ವಿದ್ಯುತ್ತನ್ನು ತುಂಬಿದರೆ ನೀರು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ನೀರಿನ ಮಟ್ಟ ಇಳಿದು ಫಲಕಗಳು ಹಾಳಾಗುತ್ತವೆ. 36 ಕೋಶಗಳ ಸೌರ ಫಲಕವು ಹೊರೆಯಿಲ್ಲದಾಗ ಸುಮಾರು 21 ವೋಲ್ಟ್ ನೀಡುತ್ತದೆ. 12 ವೋಲ್ಟಿನ ಬ್ಯಾಟರಿಗೆ ಅದನ್ನು ನಿಯಂತ್ರಣವಿಲ್ಲದೆ ಜೋಡಿಸಿದರೆ ಎರಡನೆಯ ಅಪಾಯ ತಪ್ಪಿದ್ದಲ್ಲ.

ಎರಡು ಗಡಿಗಳು, ನಡುವೆ ಒಂದು ಅಂತರ

ನಿಯಂತ್ರಕದ ಕೆಲಸವನ್ನು ಊರಿನ ನೀರಗಂಟಿಯ ಕೆಲಸಕ್ಕೆ ಹೋಲಿಸಿ ವಿವರಿಸಬಹುದು. ಟ್ಯಾಂಕು ತುಂಬಿದಾಗ ಅವನು ಮೋಟಾರನ್ನು ನಿಲ್ಲಿಸುತ್ತಾನೆ. ಯಾರೋ ಒಂದು ಬಿಂದಿಗೆ ನೀರು ಹಿಡಿದ ಕೂಡಲೇ ಓಡಿಹೋಗಿ ಮತ್ತೆ ಹಾಕುವುದಿಲ್ಲ. ನೀರು ಒಂದು ಮಟ್ಟಕ್ಕೆ ಇಳಿಯುವವರೆಗೆ ಕಾಯುತ್ತಾನೆ. ನಿಲ್ಲಿಸುವ ಮಟ್ಟ ಬೇರೆ, ಆರಂಭಿಸುವ ಮಟ್ಟ ಬೇರೆ. ಈ ಅಂತರವಿಲ್ಲದಿದ್ದರೆ ಮೋಟಾರು ಕ್ಷಣಕ್ಷಣಕ್ಕೂ ಹತ್ತಿ ಆರಿ ಸುಟ್ಟುಹೋಗುತ್ತದೆ.

ಬ್ಯಾಟರಿಯ ವಿಷಯದಲ್ಲಿಯೂ ಹಾಗೆಯೇ. ವಿಭವಾಂತರವು ಸುಮಾರು 14.4 ವೋಲ್ಟ್ ತಲುಪಿದಾಗ ಫಲಕವನ್ನು ಬೇರ್ಪಡಿಸಬೇಕು, 13.4ಕ್ಕೆ ಇಳಿದಾಗ ಮತ್ತೆ ಜೋಡಿಸಬೇಕು. ದೀಪಗಳು ಉರಿಯುತ್ತಿರುವಾಗ ವಿಭವಾಂತರವು 11.4ಕ್ಕೆ ಕುಸಿದರೆ ದೀಪಗಳನ್ನು ಬೇರ್ಪಡಿಸಬೇಕು, 12.5 ಮೀರಿದ ಮೇಲೆಯೇ ಜೋಡಿಸಬೇಕು. ಹೊರೆ ತೆಗೆದ ಕೂಡಲೇ ದಣಿದ ಬ್ಯಾಟರಿಯ ವಿಭವಾಂತರವು ತಾನಾಗಿಯೇ ಸ್ವಲ್ಪ ಏರುತ್ತದೆ. ಆ ಏರಿಕೆಯನ್ನು ನಿಜವಾದ ಚೇತರಿಕೆಯೆಂದು ನಿಯಂತ್ರಕವು ತಪ್ಪಾಗಿ ತಿಳಿಯಬಾರದು. ಆದುದರಿಂದಲೇ ಇಲ್ಲಿ ಒಂದು ವೋಲ್ಟಿಗೂ ಹೆಚ್ಚಿನ ಅಂತರವನ್ನು ಇರಿಸಲಾಗಿದೆ.

ಮಂಡಲದ ರಚನೆ

ಬೇಕಾದ ಮುಖ್ಯ ವಸ್ತುಗಳು ಇವು: ಎಲ್‌ಎಂ 358 ಐಸಿ ಒಂದು, ಟಿಎಲ್ 431 ಒಂದು, 12 ವೋಲ್ಟಿನ ರಿಲೇ ಎರಡು, ಬಿಸಿ 547 ಟ್ರಾನ್ಸಿಸ್ಟರ್ ಎರಡು, 1ಎನ್ 4007 ಡಯೋಡ್ ಎರಡು, 1ಎನ್ 5822 ಡಯೋಡ್ ಒಂದು, 5 ಆಂಪಿಯರ್ ಫ್ಯೂಸ್ ಒಂದು, ಮತ್ತು ಕೆಲವು ರೋಧಕಗಳು. 40 ವ್ಯಾಟ್ ಫಲಕ ಹಾಗೂ 12 ವೋಲ್ಟ್, 40 ಆಂಪಿಯರ್-ಗಂಟೆಯ ಬ್ಯಾಟರಿಗೆ ಈ ರಚನೆ ಸಾಕಾಗುತ್ತದೆ.

ಮೊದಲನೆಯದು ಅಳತೆಗೋಲು. ಟಿಎಲ್ 431ಕ್ಕೆ ಬ್ಯಾಟರಿಯಿಂದ 4.7 ಕಿಲೋಓಮ್ ರೋಧಕದ ಮೂಲಕ ವಿದ್ಯುತ್ತು ನೀಡಿದರೆ ಅದು ಸದಾ 2.5 ವೋಲ್ಟನ್ನು ಸ್ಥಿರವಾಗಿ ಕಾಯ್ದುಕೊಳ್ಳುತ್ತದೆ. ಬ್ಯಾಟರಿಯ ವಿಭವಾಂತರ ಏರಿಳಿದರೂ ಈ ಅಳತೆಗೋಲು ಬದಲಾಗುವುದಿಲ್ಲ.

ಎರಡನೆಯದು ಮಾದರಿ ತೆಗೆಯುವಿಕೆ. 47 ಕಿಲೋಓಮ್ ಮತ್ತು 10 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿ ಬ್ಯಾಟರಿಗೆ ಅಡ್ಡಲಾಗಿ ಜೋಡಿಸಬೇಕು. 10 ಕಿಲೋಓಮ್ ರೋಧಕವು ಋಣ ತುದಿಯ ಕಡೆಗಿರಬೇಕು. ಓಮ್‌ನ ನಿಯಮದಂತೆ ನಡುವಿನ ಬಿಂದುವಿನಲ್ಲಿ ಬ್ಯಾಟರಿಯ ವಿಭವಾಂತರದ 57ರಲ್ಲಿ 10 ಪಾಲು ದೊರೆಯುತ್ತದೆ. ಬ್ಯಾಟರಿ 14.25 ವೋಲ್ಟ್ ಇರುವಾಗ ಆ ಬಿಂದುವಿನಲ್ಲಿ 14.25 × 10 ÷ 57 = 2.5 ವೋಲ್ಟ್. ಅಂದರೆ ಅಳತೆಗೋಲಿಗೆ ಸರಿಸಮ. ಮಕ್ಕಳು ಪಠ್ಯದಲ್ಲಿ ಕಲಿತ ಸರಣಿ ಜೋಡಣೆಯು ಇಲ್ಲಿ ಒಂದು ನಿರ್ಣಯಕ್ಕೆ ಆಧಾರವಾಗುತ್ತದೆ.

ಮೂರನೆಯದು ಹೋಲಿಕೆ. ಎಲ್‌ಎಂ 358ರೊಳಗೆ ಎರಡು ಸಮಾನ ಘಟಕಗಳಿವೆ. ಪ್ರತಿಯೊಂದೂ ತನ್ನ ಧನ ಪ್ರವೇಶದ ವಿಭವವನ್ನು ಋಣ ಪ್ರವೇಶದ ವಿಭವದೊಡನೆ ಹೋಲಿಸುತ್ತದೆ. ಮಾದರಿ ಬಿಂದುವನ್ನು ಧನ ಪ್ರವೇಶಕ್ಕೂ ಅಳತೆಗೋಲನ್ನು ಋಣ ಪ್ರವೇಶಕ್ಕೂ ನೀಡಬೇಕು. ಮಾದರಿ ಹೆಚ್ಚಾದರೆ ನಿರ್ಗಮನವು ಮೇಲಿನ ಮಟ್ಟಕ್ಕೆ ಏರುತ್ತದೆ, 4.7 ಕಿಲೋಓಮ್ ರೋಧಕದ ಮೂಲಕ ಟ್ರಾನ್ಸಿಸ್ಟರ್ ವಾಹಕವಾಗಿ ರಿಲೇಯನ್ನು ಸೆಳೆಯುತ್ತದೆ. ನಿರ್ಗಮನದಿಂದ ಧನ ಪ್ರವೇಶಕ್ಕೆ 560 ಕಿಲೋಓಮ್ ರೋಧಕವನ್ನು ಜೋಡಿಸಿದರೆ ನೀರಗಂಟಿಯ ಅಂತರ ಸಿದ್ಧವಾಗುತ್ತದೆ. ಆಗ ಕಡಿತದ ಗಡಿ ಸುಮಾರು 14.4 ವೋಲ್ಟಿಗೂ ಮರುಜೋಡಣೆಯ ಗಡಿ ಸುಮಾರು 13.4 ವೋಲ್ಟಿಗೂ ಸರಿಯುತ್ತದೆ. ಎರಡನೆಯ ಘಟಕಕ್ಕೆ 47ರ ಬದಲು 39 ಕಿಲೋಓಮ್, 560ರ ಬದಲು 330 ಕಿಲೋಓಮ್ ಬಳಸಿದರೆ ದೀಪಗಳ ಗಡಿಗಳು, ಅಂದರೆ ಸುಮಾರು 12.5 ಮತ್ತು 11.4 ವೋಲ್ಟ್, ದೊರೆಯುತ್ತವೆ.

ಎರಡೂ ಘಟಕಗಳ ರಚನೆ ಒಂದೇ. ವ್ಯತ್ಯಾಸವಿರುವುದು ರಿಲೇಯ ಸಂಪರ್ಕದಲ್ಲಿ. ಫಲಕವನ್ನು ರಿಲೇ ಸುಮ್ಮನಿರುವಾಗ ಕೂಡಿರುವ ಸಂಪರ್ಕದ ಮೂಲಕ ತರಬೇಕು. ಬ್ಯಾಟರಿ ತುಂಬಿದಾಗ ರಿಲೇ ಸೆಳೆದು ಫಲಕ ಬೇರೆಯಾಗುತ್ತದೆ. ತೆರೆದಿಟ್ಟ ಸೌರ ಫಲಕಕ್ಕೆ ಯಾವ ಹಾನಿಯೂ ಇಲ್ಲ. ಬ್ಯಾಟರಿ ತೀರಾ ಬರಿದಾಗಿ ರಿಲೇಯನ್ನು ಸೆಳೆಯುವ ಶಕ್ತಿಯಿಲ್ಲದಾಗಲೂ ಬಿಸಿಲು ಬಂದೊಡನೆ ತುಂಬುವ ಕೆಲಸ ಆರಂಭವಾಗುತ್ತದೆ. ದೀಪಗಳನ್ನಾದರೋ ರಿಲೇ ಸೆಳೆದಾಗ ಮಾತ್ರ ಕೂಡುವ ಸಂಪರ್ಕದ ಮೂಲಕ ನೀಡಬೇಕು. ಆಗ ಶಕ್ತಿ ಕುಂದಿದೊಡನೆ ದೀಪಗಳು ತಾವೇ ಬೇರ್ಪಡುತ್ತವೆ.

ಪ್ರತಿ ರಿಲೇಯ ಸುರುಳಿಗೆ ಅಡ್ಡಲಾಗಿ 1ಎನ್ 4007 ಡಯೋಡನ್ನು ವಿರುದ್ಧ ದಿಕ್ಕಿನಲ್ಲಿ ಜೋಡಿಸದಿದ್ದರೆ, ಸುರುಳಿ ಬಿಡುವಾಗ ಏಳುವ ಅಧಿಕ ವಿಭವದಿಂದ ಟ್ರಾನ್ಸಿಸ್ಟರ್ ಕೆಡುತ್ತದೆ. ರಾತ್ರಿಯಲ್ಲಿ ಬ್ಯಾಟರಿಯ ವಿದ್ಯುತ್ತು ಫಲಕದ ಕಡೆಗೆ ಹಿಂದಕ್ಕೆ ಹರಿಯದಂತೆ ಫಲಕದ ಧನ ತಂತಿಯಲ್ಲಿ 1ಎನ್ 5822 ಇರಬೇಕು. ಫ್ಯೂಸ್ ಬ್ಯಾಟರಿಯ ಧನ ತುದಿಗೆ ಅತಿ ಸಮೀಪದಲ್ಲಿರಬೇಕು.

ಹೊಂದಾಣಿಕೆ ಮತ್ತು ಪರೀಕ್ಷೆ

ಅಂಗಡಿಯಲ್ಲಿ ದೊರೆಯುವ ರೋಧಕಗಳ ಮೌಲ್ಯದಲ್ಲಿ ಶೇಕಡ 5ರಷ್ಟು ಹೆಚ್ಚುಕಡಿಮೆ ಇರುತ್ತದೆ. ಆದ್ದರಿಂದ 47 ಕಿಲೋಓಮ್‌ಗೆ ಬದಲಾಗಿ 43 ಕಿಲೋಓಮ್ ಹಾಗೂ 10 ಕಿಲೋಓಮ್‌ನ ಪ್ರಿಸೆಟ್ ಒಂದನ್ನು ಸರಣಿಯಲ್ಲಿ ಬಳಸುವುದು ಉತ್ತಮ. ದೀಪಗಳ ಕಡೆಯೂ 36 ಕಿಲೋಓಮ್ ಮತ್ತು ಅಂತಹುದೇ ಪ್ರಿಸೆಟ್ ಸಾಕು. ಮಂಡಲವನ್ನು ಬ್ಯಾಟರಿಗೆ ಜೋಡಿಸುವ ಮುನ್ನ, 9 ವೋಲ್ಟಿನ ಎರಡು ಕೋಶಗಳನ್ನು ಸರಣಿಯಲ್ಲಿಟ್ಟು ಎಲ್‌ಎಂ 317ರ ಮೂಲಕ 11ರಿಂದ 15 ವೋಲ್ಟ್‌ವರೆಗೆ ನಿಧಾನವಾಗಿ ಏರಿಸಿ ಇಳಿಸಬೇಕು. ರಿಲೇ ಸೆಳೆಯುವ ಮತ್ತು ಬಿಡುವ ಸಪ್ಪಳ ಕೇಳಿದಾಗ ಮಲ್ಟಿಮೀಟರಿನ ಓದನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ನಾಲ್ಕು ಓದುಗಳು ಲೆಕ್ಕದ ಸಮೀಪ ಬಂದರೆ ರಚನೆ ಸರಿಯಾಗಿದೆ.

ಬೇಸಿಗೆಯ ತಿದ್ದುಪಡಿ

14.4 ವೋಲ್ಟ್ ಎಂಬ ಗಡಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೊಂದುವಂಥದ್ದು. ಉಷ್ಣತೆ ಏರಿದಂತೆ ಬ್ಯಾಟರಿಯ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ. ಆಗ ಗಡಿಯನ್ನು ತಗ್ಗಿಸಬೇಕು. ಪ್ರತಿ ಕೋಶಕ್ಕೆ, ಪ್ರತಿ ಡಿಗ್ರಿಗೆ ಸುಮಾರು 4 ಮಿಲಿವೋಲ್ಟ್ ಎಂದು ಹಿಡಿದರೆ, ಆರು ಕೋಶಗಳಿಗೆ 40 ಡಿಗ್ರಿಯಲ್ಲಿ 4 × 6 × 15 = 360 ಮಿಲಿವೋಲ್ಟ್ ಕಡಿಮೆ; ಅಂದರೆ ಸುಮಾರು 14.0 ವೋಲ್ಟ್. ರಾಯದುರ್ಗದ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗಿರುವ ಬ್ಯಾಟರಿಗೆ ಈ ತಿದ್ದುಪಡಿ ಅನಿವಾರ್ಯ. ಯುಗಾದಿಯ ಹೊತ್ತಿಗೆ ಪ್ರಿಸೆಟ್ಟನ್ನು ಇಳಿಸಿ, ಚಳಿಗಾಲಕ್ಕೆ ಮುನ್ನ ಏರಿಸುವ ರೂಢಿಯನ್ನು ಬೆಳೆಸಬಹುದು. ವೇದಾವತಿಯ ದಂಡೆಯ ಕಣೇಕಲ್ಲು, ಬೊಮ್ಮನಹಾಳ್ ಕಡೆಗಳಲ್ಲಿ ಮರಳುಗಾಳಿಯ ಧೂಳು ಫಲಕವನ್ನು ಮುಚ್ಚುವುದರಿಂದ ಅದನ್ನು ಆಗಾಗ ಮುಂಜಾನೆಯ ತಂಪಿನಲ್ಲಿ ಒರೆಸಬೇಕು.

ಸುರಕ್ಷತೆ

ಬ್ಯಾಟರಿಯ ಜೋಡಣೆಯನ್ನು ಶಿಕ್ಷಕರೇ ಮಾಡಬೇಕು. ಅದರ ಎರಡು ತುದಿಗಳಿಗೆ ಲೋಹದ ವಸ್ತು ತಗಲಬಾರದು. ಗಾಳಿಯಲ್ಲಿ ಹೈಡ್ರೋಜನ್ ಶೇಕಡ 4ನ್ನು ತಲುಪಿದರೆ ಕಿಡಿಯಿಂದ ಸ್ಫೋಟವಾಗಬಹುದಾದ ಕಾರಣ ಗಾಳಿಯಾಡುವ ಸ್ಥಳ ಅಗತ್ಯ. ಆಮ್ಲ ಮೈಗೆ ತಗಲಿದರೆ ಧಾರಾಳ ನೀರಿನಿಂದ ತೊಳೆಯಬೇಕು. ಜೋಡಿಸುವಾಗ ಮೊದಲು ಬ್ಯಾಟರಿ, ಅನಂತರ ಫಲಕ. ಬಿಡಿಸುವಾಗ ಮೊದಲು ಫಲಕ, ಅನಂತರ ಬ್ಯಾಟರಿ. ಲಿಥಿಯಂ ಬ್ಯಾಟರಿಗಳ ಗಡಿಗಳು ಬೇರೆ. ಈ ನಿಯಂತ್ರಕವನ್ನು ಅವುಗಳಿಗೆ ಎಂದಿಗೂ ಬಳಸಬಾರದು.

ತರಗತಿಯಲ್ಲಿ ಪದಗಳ ಬಳಕೆ

ಗಡಿಭಾಗದ ಮಗು ಒಂದೇ ವಸ್ತುವಿಗೆ ಮೂರು ಹೆಸರುಗಳನ್ನು ಕೇಳುತ್ತದೆ. ಪಠ್ಯದ ‘ಸೌರ ಫಲಕ’ ಊರಿನಲ್ಲಿ ‘ಸೋಲಾರ್ ಪ್ಲೇಟ್’. ಕನ್ನಡ ಪಠ್ಯದ ‘ವಿದ್ಯುತ್ ಮಂಡಲ’ ತೆಲುಗು ಪಠ್ಯದಲ್ಲಿ ‘ವಿದ್ಯುತ್ ವಲಯಂ’, ಅಂಗಡಿಯಲ್ಲಿ ‘ಸರ್ಕ್ಯೂಟ್’. ಆಂಧ್ರಪ್ರದೇಶದ ಆಡಳಿತದಲ್ಲಿ ‘ಮಂಡಲ’ ಎಂದರೆ ತಾಲ್ಲೂಕಿಗಿಂತ ಚಿಕ್ಕ ಘಟಕ; ಅಗಳಿ ಮಂಡಲ, ರೊಳ್ಳ ಮಂಡಲ ಎಂದು ಕೇಳಿ ಬೆಳೆದ ಮಗುವಿಗೆ ಈ ಪದ ಗೊಂದಲ ತರಬಹುದು. ಹೊರಟಲ್ಲಿಗೇ ಸುತ್ತಿ ಮರಳುವ ದಾರಿ ಎಂಬ ಅರ್ಥವನ್ನು ತಂತಿಯ ಮೇಲೆ ಬೆರಳಾಡಿಸಿ ತೋರಿಸಿದರೆ ಗೊಂದಲ ತಿಳಿಯಾಗುತ್ತದೆ. ಮೂರು ಪದಗಳನ್ನೂ ಕಪ್ಪುಹಲಗೆಯಲ್ಲಿ ಒಂದೇ ಸಾಲಿನಲ್ಲಿ ಬರೆಯಬೇಕು. ತರ್ಕವನ್ನು ಮಾತ್ರ ಮಗು ತನ್ನ ಕನ್ನಡದಲ್ಲಿಯೇ ಹೇಳುವಂತಾಗಬೇಕು. ‘ಏಕೆ ಕಡಿತವಾಯಿತು?’ ಎಂಬ ಪ್ರಶ್ನೆಗೆ ಸ್ವಂತ ಮಾತಿನಲ್ಲಿ ಉತ್ತರಿಸಬಲ್ಲ ವಿದ್ಯಾರ್ಥಿಯು ಮುಂದೆ ಯಾವ ಭಾಷೆಯಲ್ಲಿ ಓದಿದರೂ ಆ ತಿಳಿವಳಿಕೆಯನ್ನು ಕಳೆದುಕೊಳ್ಳುವುದಿಲ್ಲ.

ಮೌಲ್ಯಮಾಪನಕ್ಕೆ ಪ್ರಶ್ನೆಗಳು

1. 40 ವ್ಯಾಟ್ ಫಲಕವು ದಿನಕ್ಕೆ 5 ಗಂಟೆಗಳ ಪೂರ್ಣ ಬಿಸಿಲಿನಲ್ಲಿ ಎಷ್ಟು ವ್ಯಾಟ್-ಗಂಟೆ ನೀಡುತ್ತದೆ? ಶೇಕಡ 30 ನಷ್ಟವಾದರೆ 5 ವ್ಯಾಟಿನ ನಾಲ್ಕು ದೀಪಗಳು ಎಷ್ಟು ಹೊತ್ತು ಉರಿಯಬಲ್ಲವು? (200 ವ್ಯಾಟ್-ಗಂಟೆ, ನಷ್ಟ ಕಳೆದು 140, 7 ಗಂಟೆ.)

2. ಮೊದಲ ಘಟಕದಲ್ಲಿ 10 ಕಿಲೋಓಮ್ ಬದಲು ತಪ್ಪಾಗಿ 12 ಕಿಲೋಓಮ್ ಜೋಡಿಸಿದರೆ ಏನಾಗುತ್ತದೆ? (59 ÷ 12 × 2.5, ಅಂದರೆ ಸುಮಾರು 12.3 ವೋಲ್ಟಿನ ಆಸುಪಾಸಿನಲ್ಲಿಯೇ ಕಡಿತವಾಗುವುದರಿಂದ ಬ್ಯಾಟರಿ ಎಂದಿಗೂ ತುಂಬುವುದಿಲ್ಲ.)

3. 560 ಕಿಲೋಓಮ್ ರೋಧಕವನ್ನು ತೆಗೆದುಹಾಕಿದರೆ ರಿಲೇಯ ವರ್ತನೆ ಹೇಗಿರುತ್ತದೆ? ನೀರಗಂಟಿಯ ಉದಾಹರಣೆಯೊಡನೆ ವಿವರಿಸಿ.

4. ನಿಮ್ಮ ಊರಿನಲ್ಲಿ ಬ್ಯಾಟರಿ ಕೆಟ್ಟು ನಿಂತ ಸೌರದೀಪವೊಂದನ್ನು ಗುರುತಿಸಿ. ಬರಿದಾಗಿ ಕೆಟ್ಟಿತೇ, ಅತಿಯಾಗಿ ತುಂಬಿ ಕೆಟ್ಟಿತೇ ಎಂಬುದನ್ನು ಮನೆಯವರನ್ನು ವಿಚಾರಿಸಿ, ಕಾರಣಸಹಿತ ಬರೆಯಿರಿ.