ಮನೆಯ ಮೂಲೆಯೂ ಪಾಠಶಾಲೆಯೇ: ಆನ್‌ಲೈನ್ ತರಗತಿಯಲ್ಲಿ ಚೆನ್ನಾಗಿ ಕಲಿಯುವುದು ಹೇಗೆ?



2020ರ ಮಾರ್ಚ್ ತಿಂಗಳನ್ನು ನಾವು ಯಾರೂ ಮರೆತಿಲ್ಲ. ಶಾಲೆ ಕಾಲೇಜುಗಳಿಗೆ ಬೀಗ ಬಿತ್ತು. ಶಿವಾಜಿನಗರದ ಗಲ್ಲಿಗಳಲ್ಲಿ, ಹಲಸೂರಿನ ವಠಾರಗಳಲ್ಲಿ, ಕೆ.ಆರ್. ಪುರದ ಬಾಡಿಗೆ ಮನೆಗಳಲ್ಲಿ ಮಕ್ಕಳ ಪಾಠವೆಲ್ಲ ಒಂದು ಮೊಬೈಲ್ ಫೋನಿನೊಳಗೆ ಬಂದು ಕೂತಿತು. ಅದೂ ಅಪ್ಪನ ಫೋನು. ಲಾಕ್‌ಡೌನ್ ಸಡಿಲವಾಗಿ ಅಪ್ಪ ಕೆಲಸಕ್ಕೆ ಹೊರಟಾಗ ಶಾಲೆಯೂ ಅವರ ಜೇಬಿನಲ್ಲೇ ಹೊರಟುಹೋಗುತ್ತಿತ್ತು. ಮೂವರು ಮಕ್ಕಳಿರುವ ಮನೆಯಲ್ಲಿ ಯಾರ ತರಗತಿ ಮುಖ್ಯ ಎಂಬ ಪ್ರಶ್ನೆ ಬಂದಾಗ, ಹೆಚ್ಚಿನ ಸಲ ಹಿಂದೆ ಸರಿದವಳು ಹೆಣ್ಣುಮಗಳೇ.

ಆ ವರ್ಷ ರಾಜ್ಯ ಸರ್ಕಾರವು ಜುಲೈಯಿಂದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳನ್ನು ಪ್ರಸಾರ ಮಾಡಿತು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಗಿ, ಶಿಕ್ಷಕರು ಮಕ್ಕಳಿರುವ ಕಡೆಗೇ ಹೋಗಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಶಾಲೆಗಳು ಮತ್ತೆ ತೆರೆದಾಗ ಕೆಲವು ಮಕ್ಕಳು ವಾಪಸು ಬರಲೇ ಇಲ್ಲ. ಆ ಮಕ್ಕಳು ಇಂದು ಹದಿನೆಂಟು, ಇಪ್ಪತ್ತರ ವಯಸ್ಸಿನವರು.

ಆನ್‌ಲೈನ್ ಕಲಿಕೆ ಆ ಕಾಲಕ್ಕೇ ಮುಗಿದುಹೋಯಿತೇ? ಇಲ್ಲ. ಹಗಲು ಇಂದಿರಾನಗರದ ಅಂಗಡಿಯಲ್ಲಿ ಕೆಲಸ ಮಾಡಿ ರಾತ್ರಿ ಬಿ.ಕಾಂ. ಓದುವ ಯುವಕರಿದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ ಫೋನಿನಲ್ಲಿ ಟ್ಯಾಲಿ ಕಲಿಯುವ ತಾಯಂದಿರಿದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುವವರಂತೂ ಬಹಳ. ಇವರಿಗೆಲ್ಲ ಇದು ಎರಡನೇ ಬಾಗಿಲು. ಆದರೆ ಈ ಬಾಗಿಲಲ್ಲಿ ಒಳಗೆ ಹೋಗುವುದು ಸುಲಭ, ಕೊನೆತನಕ ನಿಲ್ಲುವುದು ಕಷ್ಟ. ಹಾರ್ವರ್ಡ್ ಮತ್ತು ಎಂ.ಐ.ಟಿ. ವಿಶ್ವವಿದ್ಯಾಲಯಗಳ ಉಚಿತ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017-18ರಲ್ಲಿ ಸೇರಿದವರಲ್ಲಿ ಪೂರ್ತಿ ಮಾಡಿದವರು ನೂರಕ್ಕೆ ಸುಮಾರು 3 ಮಂದಿ ಮಾತ್ರ. ಉಳಿದವರೆಲ್ಲ ದಡ್ಡರೇ? ಖಂಡಿತ ಅಲ್ಲ. ತರಗತಿಯಲ್ಲಿ ಗಂಟೆ ಹೊಡೆಯುತ್ತದೆ, ಮೇಷ್ಟ್ರು ಹೆಸರು ಕೂಗುತ್ತಾರೆ, ಪಕ್ಕದಲ್ಲಿ ಗೆಳೆಯ ಇರುತ್ತಾನೆ. ಮನೆಯಲ್ಲಿ ಇದ್ಯಾವುದೂ ಇಲ್ಲ. ಆದ್ದರಿಂದ ಗಂಟೆಯನ್ನೂ ಮೇಷ್ಟ್ರನ್ನೂ ಗೆಳೆಯನನ್ನೂ ನಾವೇ ಮನೆಗೆ ತಂದುಕೊಳ್ಳಬೇಕು. ಹೇಗೆ ಅಂತ ನೋಡೋಣ.

1. ಜಾಗ ಮತ್ತು ಹೊತ್ತು

ಓದೋದಕ್ಕೆ ಪ್ರತ್ಯೇಕ ಕೋಣೆ ಬೇಕು ಅಂತ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಗೆ ಈ ಮಾತು ಹೇಳಿ ಏನು ಪ್ರಯೋಜನ? ಕೋಣೆ ಇಲ್ಲದಿದ್ದರೂ ಮೂಲೆ ಇರುತ್ತದೆ. ಗೋಡೆಗೆ ಮುಖ ಮಾಡಿ, ಟಿ.ವಿ.ಗೆ ಬೆನ್ನು ಮಾಡಿ ಕೂರುವ ಒಂದು ಚಾಪೆಯ ಜಾಗ ಸಾಕು. ದಿನಾ ಅದೇ ಜಾಗ, ಅದೇ ಹೊತ್ತು. ಕೆಲವು ವಾರ ಹೀಗೆ ಮಾಡಿದರೆ ಅಲ್ಲಿ ಕೂತ ಕೂಡಲೇ ಮನಸ್ಸು ಓದಿಗೆ ಸಿದ್ಧವಾಗುತ್ತದೆ. ಮಂಚದ ಮೇಲೆ ಮಲಗಿಕೊಂಡು ಪಾಠ ಕೇಳಬೇಡಿ, ನಿದ್ದೆ ಬಂದೇ ಬರುತ್ತೆ.

ನಮ್ಮ ಕಡೆ ಸದ್ದು ಎಂದೂ ನಿಲ್ಲೋದಿಲ್ಲ. ಶಿವಾಜಿನಗರದಲ್ಲಿ ಬಸ್ ನಿಲ್ದಾಣ ಮತ್ತು ರಸೆಲ್ ಮಾರ್ಕೆಟ್, ಹಲಸೂರಿನಲ್ಲಿ ಹಳೇ ಮದ್ರಾಸು ರಸ್ತೆ, ಕೆ.ಆರ್. ಪುರದಲ್ಲಿ ರೈಲು. ಅದಕ್ಕೇ ಮನೆಯಲ್ಲಿ ಯಾವ ಹೊತ್ತು ಸ್ವಲ್ಪ ಶಾಂತವಾಗಿರುತ್ತದೆ ಅಂತ ಒಂದು ವಾರ ಗಮನಿಸಿ. ಕೆಲವರಿಗೆ ಬೆಳಿಗ್ಗೆ 5ರಿಂದ 6, ಕೆಲವರಿಗೆ ಮಧ್ಯಾಹ್ನ. ಕಷ್ಟದ ವಿಷಯವನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ. ಲೆಕ್ಕ ಮಾಡುವುದು, ನೋಟ್ಸ್ ಪ್ರತಿ ಮಾಡುವುದು ಗಲಾಟೆಯಲ್ಲೂ ನಡೆಯುತ್ತದೆ.

2. ಫೋನು, ಚಾರ್ಜು, ಡೇಟಾ

ಓದುವ ಫೋನೇ ಆಡುವ ಫೋನೂ ಹೌದು. ಇದೇ ದೊಡ್ಡ ಕಷ್ಟ. ತರಗತಿ ಶುರುವಾಗುವ ಮೊದಲು ಬೇರೆ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿ. ಫೋನನ್ನು ಕೈಯಲ್ಲಿ ಹಿಡಿಯದೆ, ಪುಸ್ತಕಕ್ಕೋ ಡಬ್ಬಕ್ಕೋ ಒರಗಿಸಿ ಕಣ್ಣಿನ ಎತ್ತರಕ್ಕೆ ಇಡಿ. ಆಗ ಕತ್ತು ನೋಯುವುದಿಲ್ಲ, ಬೆರಳೂ ಸುಮ್ಮನೆ ಅಲ್ಲಿ ಇಲ್ಲಿ ಒತ್ತುವುದಿಲ್ಲ.

ದಿನಕ್ಕೆ ಒಂದೂವರೆ ಅಥವಾ ಎರಡು ಜಿ.ಬಿ. ಪ್ಯಾಕ್ ಇದ್ದರೆ ವಿಡಿಯೊ ಗುಣಮಟ್ಟವನ್ನು 240 ಅಥವಾ 360ಕ್ಕೆ ಇಳಿಸಿ. ಪಾಠಕ್ಕೆ ಅದು ಸಾಕು. ಡೌನ್‌ಲೋಡ್ ಸೌಲಭ್ಯ ಇರುವ ಪಾಠವನ್ನು ಉಳಿದ ಡೇಟಾದಲ್ಲಿ ರಾತ್ರಿಯೇ ಇಳಿಸಿಟ್ಟುಕೊಂಡರೆ ಮರುದಿನ ಖರ್ಚಿಲ್ಲ. ಮಳೆಗಾಲದಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಆದ್ದರಿಂದ ಪರೀಕ್ಷೆಯ ಹಿಂದಿನ ರಾತ್ರಿಯೇ ಚಾರ್ಜ್ ತುಂಬಿಸಿಕೊಳ್ಳಿ. ಕರೆಂಟು ಬಾರದಿದ್ದರೆ ಬೆಸ್ಕಾಂ ಸಹಾಯವಾಣಿ 1912.

ಒಂದೇ ಫೋನಿರುವ ಮನೆಯಲ್ಲಿ ಒಂದು ಹಾಳೆಯ ಮೇಲೆ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿ. ಯಾರಿಗೆ ಯಾವ ಗಂಟೆ ಎಂದು ಬರೆದಿದ್ದರೆ ಜಗಳ ಕಡಿಮೆ. ಸಣ್ಣವರ ಪಾಲೂ ಹೆಣ್ಣುಮಕ್ಕಳ ಪಾಲೂ ತಪ್ಪಿಹೋಗುವುದಿಲ್ಲ.

3. ಕೈಯಲ್ಲಿ ಪೆನ್ನು ಇರಲಿ

ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾದಂತೆ ಅನ್ನಿಸುತ್ತದೆ. ಮುಗಿದ ಮೇಲೆ ಏನು ಕಲಿತೆ ಅಂತ ಕೇಳಿದರೆ ಬಾಯಿ ಕಟ್ಟುತ್ತದೆ. ನೋಡುವುದು ಬೇರೆ, ಕಲಿಯುವುದು ಬೇರೆ. ಹತ್ತು ನಿಮಿಷಕ್ಕೊಮ್ಮೆ ವಿಡಿಯೊ ನಿಲ್ಲಿಸಿ, ಕೇಳಿದ್ದನ್ನು ಎರಡು ಮೂರು ಸಾಲಿನಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ. ಅರ್ಥವಾಗದ ಕಡೆ ಒಂದು ಪ್ರಶ್ನೆ ಚಿಹ್ನೆ ಹಾಕಿ. ಪಾಠ ಇಂಗ್ಲಿಷಿನಲ್ಲಿದ್ದರೂ ಟಿಪ್ಪಣಿಯನ್ನು ಕನ್ನಡದಲ್ಲೋ, ಮನೆಮಾತಾದ ತಮಿಳು, ಉರ್ದು, ತೆಲುಗಿನಲ್ಲೋ ಬರೆದುಕೊಳ್ಳಬಹುದು. ಮೊದಲು ಅರ್ಥವಾಗಲಿ, ಪಾರಿಭಾಷಿಕ ಪದಗಳನ್ನು ಮಾತ್ರ ಇದ್ದಂತೆಯೇ ಕಲಿಯಿರಿ.

4. ಪುಸ್ತಕ ಮುಚ್ಚಿ ನೆನಪಿಸಿಕೊಳ್ಳಿ

ನಮ್ಮಲ್ಲಿ ಓದು ಎಂದರೆ ಅದೇ ಪುಟವನ್ನು ನಾಲ್ಕು ಸಲ ಓದುವುದು ಎಂಬ ಅಭ್ಯಾಸ ಇದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದರ ಮೇಲೆ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಚಿಕ್ಕ ಪಾಠ ಓದಲು ಕೊಟ್ಟರು. ಕೆಲವರು ಅದನ್ನು ಮತ್ತೊಮ್ಮೆ ಓದಿದರು. ಕೆಲವರು ಓದದೆ, ನೆನಪಿನಿಂದ ಬರೆದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದೆ. ಆದರೆ ಒಂದು ವಾರದ ಬಳಿಕ? ಮತ್ತೆ ಓದಿದವರಿಗೆ ನೆನಪಿದ್ದುದು ನೂರಕ್ಕೆ 42 ಭಾಗ, ನೆನಪಿನಿಂದ ಬರೆದವರಿಗೆ 56 ಭಾಗ.

ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ತಿಂಗಳ ಮೇಲೆ ಬರುತ್ತದೆ. ಆದ್ದರಿಂದ ಪಾಠ ಮುಗಿದ ಮೇಲೆ ಫೋನು ಮುಚ್ಚಿ, ಖಾಲಿ ಹಾಳೆಯಲ್ಲಿ ನೆನಪಾದದ್ದನ್ನೆಲ್ಲ ಬರೆಯಿರಿ. ಬಿಟ್ಟುಹೋದದ್ದನ್ನು ಆಮೇಲೆ ನೋಡಿ. ಮರುದಿನ ಒಮ್ಮೆ, ವಾರ ಬಿಟ್ಟು ಒಮ್ಮೆ ಹೀಗೇ ಮಾಡಿ. ಖರ್ಚು ಒಂದು ಹಾಳೆ, ಅಷ್ಟೆ. ಕಾಗದ ಇಲ್ಲದಿದ್ದರೆ ಬಸ್ಸಿನಲ್ಲಿ ಕೂತು ಮನಸ್ಸಿನಲ್ಲೇ ಹೇಳಿಕೊಳ್ಳಬಹುದು.

5. ಒಬ್ಬರೇ ಓದಬೇಡಿ

ಅದೇ ಕೋರ್ಸಿನ ಇಬ್ಬರು ಮೂವರು ಸೇರಿ ಒಂದು ಗುಂಪು ಮಾಡಿಕೊಳ್ಳಿ. ವಾರಕ್ಕೊಮ್ಮೆ ಎದುರುಬದುರು ಕೂತು, ಒಬ್ಬರು ಇನ್ನೊಬ್ಬರಿಗೆ ಪಾಠ ಹೇಳಿಕೊಡಿ. ಹೇಳಿಕೊಡುವವರಿಗೇ ಹೆಚ್ಚು ಲಾಭ. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚಿಕೆ ಆದರೆ ಬರೆದು ಕಳಿಸಿ. ತಪ್ಪು ಇಂಗ್ಲಿಷ್ ಆದರೂ ಪರವಾಗಿಲ್ಲ. ಕೇಳದೆ ಉಳಿದ ಒಂದು ಪ್ರಶ್ನೆ ಮುಂದಿನ ನಾಲ್ಕು ಪಾಠಗಳಿಗೆ ಅಡ್ಡ ನಿಲ್ಲುತ್ತದೆ. ಎರಡು ತರಗತಿ ತಪ್ಪಿದರೆ, ಇನ್ನು ಆಗೋದಿಲ್ಲ ಅಂತ ಕೈಚೆಲ್ಲಬೇಡಿ. ಬಿಟ್ಟುಹೋಗುವವರು ಹೆಚ್ಚಾಗಿ ಜಾರುವುದು ಇಲ್ಲೇ. ಹಿಂದಿನದು ಇರಲಿ, ಇವತ್ತಿನ ಪಾಠಕ್ಕೆ ಕೂರಿ. ತಪ್ಪಿದ್ದನ್ನು ಭಾನುವಾರ ತುಂಬಿಸಿಕೊಳ್ಳಿ.

6. ದುಡ್ಡು ಕಟ್ಟುವ ಮೊದಲು

ಜಾಹೀರಾತು ನೋಡಿ ಮೋಸ ಹೋಗಬೇಡಿ. ಪದವಿ ಕೋರ್ಸಾದರೆ ಅದಕ್ಕೆ ಯು.ಜಿ.ಸಿ.ಯ ದೂರಶಿಕ್ಷಣ ವಿಭಾಗದ ಮಾನ್ಯತೆ ಇದೆಯೇ ಎಂದು ಅವರ ಜಾಲತಾಣದಲ್ಲೇ ನೋಡಿ. ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನ ಎಂದು ಯು.ಜಿ.ಸಿ. 2022ರಲ್ಲಿ ಸ್ಪಷ್ಟಪಡಿಸಿದೆ. ನಮಗೆ ಹತ್ತಿರದ ದಾರಿಗಳು ಎರಡು: 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು 1985ರ ಇಗ್ನೋ. ಹತ್ತನೇ ತರಗತಿಯೇ ಮುಗಿಯದವರು, 14 ವರ್ಷ ತುಂಬಿದ್ದರೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಪರೀಕ್ಷೆ ಬರೆಯಬಹುದು. ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣದಲ್ಲಿ ಪಾಠಗಳು ಉಚಿತ. ಪ್ರಮಾಣಪತ್ರ ಬೇಕಾದವರು ಮಾತ್ರ ಪರೀಕ್ಷಾ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ಶಾಲಾ ಮಕ್ಕಳ ಪಠ್ಯಪುಸ್ತಕದಲ್ಲಿರುವ ಕ್ಯೂಆರ್ ಕೋಡ್ ಅನ್ನು 'ದೀಕ್ಷಾ' ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ ಸಿಗುತ್ತದೆ.

ಮನೆಯವರಿಗೆ ಒಂದು ಮಾತು

ಅಪ್ಪ ಅಮ್ಮಂದಿರೇ, ನಿಮಗೆ ಪಾಠ ತಿಳಿಯದಿದ್ದರೂ ನೀವು ದೊಡ್ಡ ಸಹಾಯ ಮಾಡಬಲ್ಲಿರಿ. ಆ ಒಂದು ಗಂಟೆ ಟಿ.ವಿ. ಆರಿಸಿ. "ಫೋನ್ ಹಿಡ್ಕೊಂಡೇ ಕೂತಿರ್ತೀಯ" ಎಂದು ಬೈಯುವ ಮೊದಲು ಪಕ್ಕದಲ್ಲಿ ಕೂತು ಏನು ಕಲಿತೆ ಎಂದು ಕೇಳಿ. ಅದನ್ನು ಅವರು ನಿಮಗೆ ವಿವರಿಸಿದರೆ, ಅದೇ ಅವರಿಗೆ ಅಂದಿನ ಪರೀಕ್ಷೆ. ಮಗಳು ತರಗತಿಯಲ್ಲಿರುವಾಗ ನೀರು ಹಿಡಿಯಲು, ತಮ್ಮನನ್ನು ನೋಡಿಕೊಳ್ಳಲು ಕರೆಯಬೇಡಿ. ಶಾಲೆಯಲ್ಲಿದ್ದಿದ್ದರೆ ಕರೆಯುತ್ತಿದ್ದಿರಾ? ಮನೆಯಲ್ಲಿ ಕೂತಿದ್ದರೂ ಅವಳು ಆ ಹೊತ್ತು ಶಾಲೆಯಲ್ಲೇ ಇದ್ದಾಳೆ. ಕಣ್ಣಿಗೂ ವಿಶ್ರಾಂತಿ ಬೇಕು. ಅರ್ಧ ಗಂಟೆಗೊಮ್ಮೆ ಎದ್ದು ಬಾಗಿಲಾಚೆ ದೂರ ನೋಡಲು ಹೇಳಿ.

ಹನಿ ಹನಿ ಕೂಡಿದರೆ ಹಳ್ಳ. ಒಂದೇ ದಿನ ಆರು ಗಂಟೆ ಓದಿ ವಾರವೆಲ್ಲ ಬಿಡುವುದಕ್ಕಿಂತ, ದಿನಕ್ಕೆ ಒಂದು ಗಂಟೆ ಆರು ದಿನ ಓದುವುದು ಮೇಲು. ನಿಮ್ಮ ನೆರೆಯಲ್ಲಿ ಆ ವರ್ಷ ಶಾಲೆ ಬಿಟ್ಟವರು ಯಾರಾದರೂ ಇದ್ದರೆ ಈ ಹಾಳೆಯನ್ನು ಅವರಿಗೂ ಕೊಡಿ. ಓದಿ ಹೇಳಬೇಕಾದರೆ ಓದಿ ಹೇಳಿ. ಇಂದು ಸಂಜೆ ಮನೆಯಲ್ಲಿ ಒಂದು ಮೂಲೆ ಆರಿಸಿ, ಒಂದು ಚಾಪೆ ಹಾಕಿ. ಅಲ್ಲಿಂದಲೇ ಶುರುಮಾಡೋಣ.